ಚಿಗರಿಯ ಪಥ ಬಿಟ್ಟುಕೊಡಬೇಡಿ

ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್‌ಗೆ (ಬಸ್ಸುಗಳ ತ್ವರಿತ ಸಾರಿಗೆ ವ್ಯವಸ್ಥೆಗೆ) ಸರ್ಕಾರ ಒಪ್ಪಿಗೆ ಕೊಟ್ಟದ್ದೇ ತಪ್ಪು, ಅದರ ‘ಚಿಗರಿ’ ಬಸ್ಸುಗಳಿಗೆ ಮೀಸಲಾದ ಪಥವನ್ನು ಎಲ್ಲ ವಾಹನಗಳಿಗೂ ತೆರೆಯಬೇಕು ಎಂಬ ಲೇಖನ ಓದಿ ಸಿಟ್ಟು ಬಂತು. ನಡುರಸ್ತೆ ಖಾಲಿ, ಪಕ್ಕದಲ್ಲಿ ಕಾರುಗಳ ಸಾಲು ಎನ್ನುತ್ತಾರೆ ಲೇಖಕರು. ಬಸ್ಸು ಎಲ್ಲೂ ಸಿಕ್ಕಿಕೊಳ್ಳದೆ ಮುಂದೆ ಹೋಗಿದೆ, ಅದಕ್ಕೇ ಪಥ ಖಾಲಿ ಕಾಣುತ್ತದೆ! ತುಂಬಿದ ಒಂದು ಚಿಗರಿಯಲ್ಲಿರುವ ವಿದ್ಯಾರ್ಥಿಗಳು, ನೌಕರರು ಒಬ್ಬೊಬ್ಬರೇ ಕಾರು ತೆಗೆದರೆ ದಾರಿಯಲ್ಲಿನ ಉಣಕಲ್ ದಾಟಲು ಎಷ್ಟು ಹೊತ್ತು ಬೇಕು? ರಸ್ತೆಯ ಲೆಕ್ಕವನ್ನು ಜನರಿಂದ ಮಾಡಬೇಕು, ವಾಹನಗಳಿಂದಲ್ಲ.

ಲೇಖಕರು ದೆಹಲಿಯ ಬಸ್ ಕಾರಿಡಾರ್ ಉದಾಹರಣೆ ಕೊಟ್ಟಿದ್ದಾರೆ. 2016ರಲ್ಲಿ ಕಿತ್ತುಹಾಕಿದ ಆ ಕಾರಿಡಾರ್ ಆರು ಕಿ.ಮೀ. ಕೂಡ ಇರಲಿಲ್ಲ. ನಮ್ಮದು ಸುಮಾರು 22 ಕಿ.ಮೀ., ಎರಡು ಊರುಗಳನ್ನು ಬೆಸೆಯುವಂಥದ್ದು. 2018ರಲ್ಲಿ ಓಡಾಟ ಶುರುವಾಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ದೋಷಗಳಿಲ್ಲವೆಂದು ನಾನು ಹೇಳುತ್ತಿಲ್ಲ. ನಡುರಸ್ತೆಯ ನಿಲ್ದಾಣಕ್ಕೆ ವಯಸ್ಸಾದವರು ಜೀವ ಕೈಯಲ್ಲಿ ಹಿಡಿದು ದಾಟಬೇಕು. ಬಡಾವಣೆಗಳಿಂದ ನಿಲ್ದಾಣಕ್ಕೆ ತಲುಪಿಸುವ ಸಣ್ಣ ಬಸ್ಸುಗಳು ಸಾಲವು. ಹಳೆಯ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಸರ್ಕಾರವನ್ನು ಕೇಳಬೇಕಾದದ್ದು ಇವನ್ನು. ಪಥ ತೆರೆದರೆ ಕಾರುಗಳ ಜೊತೆ ಬಸ್ಸೂ ನಿಲ್ಲುತ್ತದೆ, ಬಸ್ಸು ನಂಬಿದವರು ಮರುದಿನವೇ ಸ್ಕೂಟರ್ ಸಾಲಕ್ಕೆ ಬ್ಯಾಂಕಿಗೆ ಹೋಗುತ್ತಾರೆ.