ಅಪ್ಪನ ಒದ್ದೆ ಟವೆಲ್, ನನ್ನ ಪಿಕಪ್‌ನ ಎಸಿ

ಟೆಕ್ಸಾಸ್‌ನಲ್ಲಿ ಹಳೇ ಪಿಕಪ್ ಇಟ್ಟುಕೊಂಡವರಿಗೆ ಪೆಟ್ರೋಲ್ ಬಂಕ್‌ನಲ್ಲಿ ಎರಡೇ ಪ್ರಶ್ನೆ ಬರೋದು. ‘ವಿ8 ಇದೆಯಾ?’ ‘ಎಸಿ ಇದೆಯಾ?’ ಎರಡಕ್ಕೂ ನನ್ನ ಉತ್ತರ ಇಷ್ಟು ದಿನ ‘ಇಲ್ಲ’ ಅಂತಲೇ ಇತ್ತು. ನನ್ನದು 1969ರ ಶೆವ್ರೊಲೆ ಸಿ10. ಎಂಜಿನ್ 250 ಕ್ಯೂಬಿಕ್ ಇಂಚು, ಅಂದ್ರೆ 4.1 ಲೀಟರ್. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ವೇಗ ಕಡಿಮೆ, ನಿಯತ್ತು ಜಾಸ್ತಿ. ಈಗ ಎರಡನೇ ಪ್ರಶ್ನೆಗೆ ‘ಇದೆ’ ಅಂತ ಹೇಳಬಹುದು. ಈ ವಾರ ಅದರದ್ದೇ ಕಥೆ ಮತ್ತು ಲೆಕ್ಕ.

ಕಾರಣ ಅಪ್ಪ. ಹುಬ್ಬಳ್ಳಿಯಿಂದ ಮುಂಬೈಗೆ 26 ವರ್ಷ ಲಾರಿ ಓಡಿಸಿದವರು. ಜೂನ್‌ನಲ್ಲಿ ಮೂರು ತಿಂಗಳಿಗೆ ಇಲ್ಲಿಗೆ ಬರುತ್ತಾರೆ. ವಿಡಿಯೊ ಕಾಲ್‌ನಲ್ಲಿ ಮೊಮ್ಮಗಳಿಗಿಂತ ಮೊದಲು ಗಾಡಿ ತೋರಿಸು ಅನ್ನೋ ಮನುಷ್ಯ. ಆದರೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದೆ, ಬಿಸಿಲಲ್ಲಿ ಹೆಚ್ಚು ಇರಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಡಲ್ಲಾಸ್ ಸುತ್ತಮುತ್ತ ಜುಲೈ, ಆಗಸ್ಟ್‌ನಲ್ಲಿ 38 ಡಿಗ್ರಿ ಮಾಮೂಲು. ನಮ್ಮನೆಯವಳು ನೇರವಾಗಿ ಹೇಳಿದಳು: ‘ರೀ, ಮಾವನವರು ಬಂದ್ರೆ ಈ ಗಾಡಿ ಹತ್ತದೇ ಬಿಡಲ್ಲ. ಎಸಿ ಹಾಕ್ಸಿ, ಇಲ್ಲಾಂದ್ರೆ ಅವರು ಬರೋದ್ರೊಳಗೆ ಮಾರಿಬಿಡಿ.’ ಖರ್ಚಿನ ಮಿತಿಯನ್ನೂ ಅವಳೇ ಹಾಕಿದಳು, 3,000 ಡಾಲರ್. ಒಂದು ವರ್ಕ್‌ಶಾಪ್‌ನಲ್ಲಿ ಕೇಳಿದಾಗ 5,500 ಅಂದರು. ಹಾಗಾಗಿ ಕೆಲಸ ಗ್ಯಾರೇಜಿಗೆ, ನನ್ನ ಶನಿವಾರ-ಭಾನುವಾರಗಳಿಗೆ ಬಂತು.

ಒಂದು ಚೂರು ಇತಿಹಾಸ

ಕಾರಿಗೆ ಕಾರ್ಖಾನೆಯಲ್ಲೇ ಎಸಿ ಹಾಕಿ ಕೊಡೋದನ್ನು ಶುರು ಮಾಡಿದ್ದು ಪ್ಯಾಕಾರ್ಡ್ ಕಂಪನಿ, 1940ರ ಮಾಡೆಲ್‌ನಲ್ಲಿ. ಆ ಎಸಿಗೆ ಕ್ಲಚ್ ಇರಲಿಲ್ಲ. ಬೇಡ ಅನಿಸಿದರೆ ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಬೆಲ್ಟ್ ಬಿಚ್ಚಬೇಕಿತ್ತು! ತಣ್ಣಗೆ ಮಾಡುವ ಭಾಗವೇ ಡಿಕ್ಕಿಯ ಅರ್ಧ ಜಾಗ ತಿಂತಿತ್ತು. 1954ರಲ್ಲಿ ನ್ಯಾಶ್ ಕಂಪನಿ ಎಲ್ಲವನ್ನೂ ಬಾನೆಟ್ ಕೆಳಗೆ, ಡ್ಯಾಶ್‌ಬೋರ್ಡ್ ಒಳಗೆ ತಂದಿತು. ಅಲ್ಲಿಂದ ಎಸಿ ಕಾರುಗಳಲ್ಲಿ ಬೇಗ ಹಬ್ಬಿತು. ಪಿಕಪ್ ಮಾತ್ರ ಆಗ ದುಡಿಯೋ ಗಾಡಿ. ಹೊಲಕ್ಕೆ, ಕಟ್ಟಡದ ಕೆಲಸಕ್ಕೆ ತೆಗೆದುಕೊಳ್ಳುವವರು ಎಸಿಗೆ ಬೇರೆ ದುಡ್ಡು ಕೊಡ್ತಿರಲಿಲ್ಲ. ನನ್ನ ಗಾಡಿಯ ಮೊದಲ ಮಾಲೀಕನೂ ಕೊಟ್ಟಿರಲಿಲ್ಲ.

ಈಗ ಹಳೇ ಗಾಡಿಗಳಿಗೆಂದೇ ಎಸಿ ಕಿಟ್ ಮಾಡುವ ಕಂಪನಿಗಳಿವೆ. ಸ್ಯಾನ್ ಆಂಟೋನಿಯೊದ ವಿಂಟೇಜ್ ಏರ್ 1976ರಿಂದ ಇದೇ ಕೆಲಸ ಮಾಡುತ್ತಿದೆ. ಕಿಟ್ ಅಂದರೆ ಡ್ಯಾಶ್ ಕೆಳಗೆ ಕೂರುವ ಇವ್ಯಾಪರೇಟರ್ ಮತ್ತು ಬ್ಲೋವರ್ ಇರುವ ಡಬ್ಬ, ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್, ಹೋಸ್‌ಗಳು, ವೈರಿಂಗ್.

ಟವೆಲ್ಲಿನ ವಿಜ್ಞಾನ

ಎಸಿ ವಿಷಯ ತಿಳಿದ ದಿನ ಅಪ್ಪ ಫೋನ್ ಮಾಡಿದರು.

‘ಏನಪಾ, ಗಾಡಿಗೆ ಎಸಿ ಹಾಕಾಕತ್ತೀಯಂತ? ನಾವು ಒದ್ದಿ ಟವೆಲ್ ಹೆಗಲ ಮ್ಯಾಲೆ ಹಾಕ್ಕೊಂಡು ಬಾಂಬೆ ಮುಟ್ಟಿದವ್ರು.’

‘ಎಸಿನೂ ಅದೇ ಕೆಲಸ ಮಾಡೂದು ಅಪ್ಪಾ’ ಅಂದೆ. ತಮಾಷೆಗೆ ಹೇಳಿದ್ದಲ್ಲ. ಟವೆಲ್ಲಿನ ನೀರು ಆವಿಯಾಗುವಾಗ ಮೈಯ ಶಾಖ ಎಳೆದುಕೊಳ್ಳುತ್ತೆ. ಎಸಿಯಲ್ಲಿ ನೀರಿನ ಬದಲು ಆರ್-134ಎ ಅನ್ನೋ ಗ್ಯಾಸ್ ಇರುತ್ತೆ. ಅದು ಕುದಿಯೋದು ಮೈನಸ್ 26 ಡಿಗ್ರಿಯಲ್ಲಿ. ದ್ರವವಾಗಿದ್ದ ಅದು ಇವ್ಯಾಪರೇಟರ್‌ನಲ್ಲಿ ಆವಿಯಾಗುವಾಗ ಕ್ಯಾಬಿನ್ ಗಾಳಿಯ ಶಾಖ ಎಳೆದುಕೊಳ್ಳುತ್ತೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡಿ ಮುಂದೆ ಕಳಿಸುತ್ತೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವ ಆಗುತ್ತೆ. ಟವೆಲ್ ಒಣಗಿದರೆ ಮತ್ತೆ ನೆನೆಸಬೇಕು, ಇಲ್ಲಿ ಅದೇ ಗ್ಯಾಸ್ ಸುತ್ತುತ್ತಾ ಇರುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಟವೆಲ್ ಕೈಕೊಡುತ್ತೆ. ಎಸಿ ಆ ತೇವವನ್ನೂ ಹಿಂಡಿ ನೀರು ಮಾಡಿ ಹೊರಗೆ ತೊಟ್ಟಿಕ್ಕಿಸುತ್ತೆ.

ಮೊದಲೆಲ್ಲ ಆರ್-12 ಅನ್ನೋ ಗ್ಯಾಸ್ ಇತ್ತು. ಓಜೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಹಂತಹಂತವಾಗಿ ಕೈಬಿಟ್ಟರು. ಹಾಗಾಗಿ ಗುಜರಿಯಲ್ಲಿ ಸಿಗುವ ಹಳೇ ಎಸಿ ಸಾಮಾನು ಅಗ್ಗ ಅಂತ ತಂದು ಹಾಕೋದು ಬೇಡ. ಹೊಸ ಗ್ಯಾಸಿಗೆ ಹೋಸ್, ಎಣ್ಣೆ, ಕಂಡೆನ್ಸರ್ ಎಲ್ಲ ಬೇರೆಯೇ ಇದ್ದರೆ ಒಳ್ಳೇದು.

ಆರು ಸಿಲಿಂಡರ್‌ನ ತಲೆನೋವು

ಡ್ಯಾಶ್ ಒಳಗಿನ ಕೆಲಸ ವಿ8 ಆದರೂ ಆರು ಸಿಲಿಂಡರ್ ಆದರೂ ಒಂದೇ. ಹಳೇ ಹೀಟರ್ ಡಬ್ಬ ತೆಗೆದು, ಫೈರ್‌ವಾಲ್‌ನ ತೂತಿಗೆ ತಗಡು ಮುಚ್ಚಿ, ಹೊಸ ಡಬ್ಬ ಕೂರಿಸೋದು. ಅದಕ್ಕೆ ಜಾಗ ಬೇಕಲ್ಲ, ಗ್ಲೋವ್ ಬಾಕ್ಸ್ ಗಿಡ್ಡ ಆಗುತ್ತೆ. ಹೀಟರ್‌ಗೆ ಹೋಗುವ ಬಿಸಿನೀರನ್ನು ನಿಲ್ಲಿಸೋ ವಾಲ್ವ್ ಮಾತ್ರ ಮರೀಬಾರದು. ಅದಿಲ್ಲದಿದ್ದರೆ ಒಂದೇ ಡಬ್ಬದಲ್ಲಿ ಒಂದು ಕಡೆ ತಂಪು, ಇನ್ನೊಂದು ಕಡೆ ಬಿಸಿ ಜಗಳ ಆಡ್ತಾ ಇರುತ್ತವೆ.

ನಿಜವಾದ ವ್ಯತ್ಯಾಸ ಇರೋದು ಬಾನೆಟ್ ಕೆಳಗೆ. ವಿ8ಗೆ ಕಂಪ್ರೆಸರ್ ಬ್ರಾಕೆಟ್ ಹತ್ತಾರು ಥರ ಸಿಗುತ್ತವೆ. ಆರು ಸಿಲಿಂಡರ್‌ಗೆ ಬೆರಳೆಣಿಕೆ. ಶೆವ್ರೊಲೆಯ ಈ ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಮ್ಯಾನಿಫೋಲ್ಡ್ ಒಂದೇ ಪಕ್ಕ. ಆ ಕಡೆ ಕೆಂಡದಂಥ ಬಿಸಿ. ಇನ್ನೊಂದು ಪಕ್ಕ ಡಿಸ್ಟ್ರಿಬ್ಯೂಟರ್, ಫ್ಯೂಯಲ್ ಪಂಪ್, ಪ್ಲಗ್ಗುಗಳು. ಕಂಪ್ರೆಸರ್ ಎಲ್ಲಿ ಕೂರಿಸಿದರೆ ಬೆಲ್ಟ್ ಸೀದಾ ಬರುತ್ತೆ, ಹೋಸ್‌ಗೆ ಬಿಸಿ ತಾಗಲ್ಲ, ಪ್ಲಗ್ ಬಿಚ್ಚೋಕೆ ಕೈ ಹೋಗುತ್ತೆ, ಈ ಮೂರನ್ನೂ ನೋಡಬೇಕು.

ನಾನು ತೆಗೆದುಕೊಂಡದ್ದು ಸ್ಯಾಂಡೆನ್ 508 ಮಾದರಿಯ ಕಂಪ್ರೆಸರ್. ಐದು ಪಿಸ್ಟನ್, 138 ಸಿಸಿ, ಉರುಟಾದ ಸಣ್ಣ ದೇಹ. ಈ ಎಂಜಿನ್‌ಗೆಂದೇ ಸಿಗುವ ಬ್ರಾಕೆಟ್ ತರಿಸಿದೆ. ಬ್ಲಾಕ್‌ನಲ್ಲಿ ಮೊದಲೇ ಇರುವ ಬೋಲ್ಟ್ ತೂತುಗಳಿಗೇ ಅದು ಹಿಡಿಯುತ್ತೆ, ಎಂಜಿನ್ ಕೊರೆಯೋ ಅಗತ್ಯ ಬರಲಿಲ್ಲ. ಕ್ರ್ಯಾಂಕ್ ಪುಲಿಯಲ್ಲಿ ಒಂದೇ ಗ್ರೂವ್ ಇತ್ತು, ಎಸಿ ಬೆಲ್ಟ್‌ಗೆ ಇನ್ನೊಂದು ಪುಲಿ ಸೇರಿಸಬೇಕಾಯ್ತು. ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ಎರಡೂ ಪುಲಿಗಳ ನಡುವೆ 3 ಮಿ.ಮೀ. ಓರೆ. ಇಷ್ಟೇ ಅಲ್ವಾ ಅಂತ ಬಿಟ್ಟರೆ ಬೆಲ್ಟ್ ಕಿರುಚುತ್ತೆ, ಆಮೇಲೆ ಹಾರುತ್ತೆ. ವಾಷರ್ ಸೇರಿಸಿ ಸರಿಮಾಡೋಕೆ ಒಂದು ಇಡೀ ಭಾನುವಾರ ಹೋಯ್ತು.

ಎಸಿ ಕೇಳೋದು ಬರೀ ಜಾಗ ಅಲ್ಲ

ಮೂರು ಕಡೆ ಹೊರೆ ಬೀಳುತ್ತೆ. ಮೊದಲನೇದು ಕರೆಂಟು. ಆ ಕಾಲದ ಆಲ್ಟರ್ನೇಟರ್ 37 ಆಂಪಿಯರ್‌ದು. ಹೆಡ್‌ಲೈಟು, ಇಗ್ನಿಷನ್, ಬ್ಲೋವರ್, ಕಂಪ್ರೆಸರ್ ಕ್ಲಚ್ ಎಲ್ಲ ಸೇರಿದರೆ ರಾತ್ರಿ ಸಿಗ್ನಲ್‌ನಲ್ಲಿ ನಿಂತಾಗ ಬ್ಯಾಟರಿ ಖಾಲಿ ಆಗ್ತಾ ಹೋಗುತ್ತೆ. ದೊಡ್ಡ ಆಲ್ಟರ್ನೇಟರ್ ಹಾಕಿ, ಬ್ಲೋವರ್‌ಗೆ ಬೇರೆ ರಿಲೇ ಮತ್ತು ಫ್ಯೂಸ್ ಕೊಟ್ಟೆ. ಐವತ್ತು ದಾಟಿದ ವೈರಿಂಗ್ ಮೇಲೆ ಹೊಸ ಹೊರೆ ಹೇರಿದರೆ ಬೆಂಕಿಗೆ ಆಹ್ವಾನ. ಈ ಗಾಡಿಯಲ್ಲಂತೂ ಪೆಟ್ರೋಲ್ ಟ್ಯಾಂಕ್ ಇರೋದು ಸೀಟಿನ ಹಿಂದೆ, ಕ್ಯಾಬಿನ್ ಒಳಗೇ. 1972ರವರೆಗೂ ಹಾಗೇ ಬರ್ತಿತ್ತು. ಆದ್ದರಿಂದ ಫ್ಯೂಸ್ ವಿಷಯದಲ್ಲಿ ಜುಗ್ಗತನ ಬೇಡವೇ ಬೇಡ.

ಎರಡನೇದು ಎಂಜಿನ್‌ನ ಬಿಸಿ. ಕಂಡೆನ್ಸರ್ ಬಿಟ್ಟ ಬಿಸಿಗಾಳಿ ಸೀದಾ ಹಿಂದಿನ ರೇಡಿಯೇಟರ್‌ಗೆ ಬಡಿಯುತ್ತೆ. ಹೆದ್ದಾರಿಯಲ್ಲಿ ಗೊತ್ತಾಗಲ್ಲ, ಟ್ರಾಫಿಕ್‌ನಲ್ಲಿ ಗೇಜಿನ ಮುಳ್ಳು ಏರುತ್ತೆ. ದಪ್ಪ ರೇಡಿಯೇಟರ್, ಫ್ಯಾನ್ ಸುತ್ತ ಶ್ರೌಡ್ ಹಾಕಿದೆ. ಫ್ಯಾನ್ ಎಳೆಯೋ ಗಾಳಿ ಅಕ್ಕಪಕ್ಕದಿಂದ ಬರದೆ ರೇಡಿಯೇಟರ್ ಮೂಲಕವೇ ಬರಲಿ ಅಂತ ಶ್ರೌಡ್ ಇರೋದು. ಖರ್ಚು ಉಳಿಸೋಕೆ ಜನ ಮೊದಲು ಬಿಡೋದು ಇದನ್ನೇ, ಮೊದಲು ಬೇಕಾಗೋದೂ ಇದೇ.

ಮೂರನೇದು ಐಡಲ್. ಕಾರ್ಬ್ಯುರೇಟರ್ ಗಾಡಿಗೆ ಕಂಪ್ಯೂಟರ್ ಇಲ್ಲ. ಎಸಿ ಆನ್ ಆದ ಕೂಡಲೇ ಎಂಜಿನ್ ಕುಗ್ಗುತ್ತೆ, ಕೆಲವೊಮ್ಮೆ ನಿಂತೇ ಹೋಗುತ್ತೆ. ಕಂಪ್ರೆಸರ್ ಜತೆಗೇ ಆನ್ ಆಗಿ ಥ್ರಾಟಲನ್ನು ಚೂರು ತಳ್ಳೋ ಸೊಲೆನಾಯ್ಡ್ ಸಿಗುತ್ತೆ. ಅದನ್ನು ಹಾಕಿದ ಮೇಲೆ ಸಿಗ್ನಲ್‌ನಲ್ಲಿ ಗಾಡಿ ನಡುಗೋದು ನಿಂತಿತು.

ಹೆಚ್ಚು ಫಲ ಕೊಟ್ಟ ಕೆಲಸ

ಹಳೇ ಪಿಕಪ್‌ನ ಕ್ಯಾಬಿನ್ ಅಂದರೆ ಬಿಸಿಲಿಗಿಟ್ಟ ತಗಡಿನ ಡಬ್ಬ. ಛಾವಣಿ ಒಳಗೆ ಬರೀ ಲೋಹ, ಫೈರ್‌ವಾಲ್‌ನಲ್ಲಿ ಅಲ್ಲಲ್ಲಿ ತೂತು, ಬಾಗಿಲ ರಬ್ಬರು ಕಲ್ಲಾಗಿರುತ್ತೆ. ಇಂಥ ಡಬ್ಬಕ್ಕೆ ಎಷ್ಟು ದೊಡ್ಡ ಎಸಿ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಛಾವಣಿ, ನೆಲ, ಫೈರ್‌ವಾಲ್, ಹಿಂಗೋಡೆಗೆ ಬ್ಯುಟೈಲ್ ಶೀಟ್, ಅದರ ಮೇಲೆ ಫೋಮ್ ಹಾಸಿದೆ. ಬಾಗಿಲ ರಬ್ಬರ್ ಬದಲಾಯಿಸಿದೆ. 230 ಡಾಲರ್‌ಗೆ ಆದ ಈ ಕೆಲಸ ಎಸಿ ಹಾಕೋ ಮೊದಲೇ ಕ್ಯಾಬಿನ್ ಬಿಸಿಯನ್ನು ಇಳಿಸಿತು, ಜತೆಗೆ ಸದ್ದೂ ಇಳಿಯಿತು. ದುಡ್ಡು ಕಡಿಮೆ ಇರುವವರು ಇದೊಂದನ್ನಾದರೂ ಮೊದಲು ಮಾಡಿ.

ಗ್ಯಾಸ್ ತುಂಬೋದು ಬಲ್ಲವರ ಕೆಲಸ

ಹೋಸ್ ಜೋಡಿಸೋವರೆಗೆ ನಾನೇ ಮಾಡಿದೆ. ಎಲ್ಲ ಜೋಡಿಸಿದ ಮೇಲೆ ಕೊನೆಗೇ ಡ್ರೈಯರ್‌ನ ಮುಚ್ಚಳ ತೆಗೀಬೇಕು. ಅದರೊಳಗಿನ ಪುಡಿ ಗಾಳಿಯ ತೇವ ಹೀರೋಕೆ ಅಂತಲೇ ಇರೋದು, ಮೊದಲೇ ತೆಗೆದಿಟ್ಟರೆ ಊರಿನ ತೇವ ಎಲ್ಲ ಹೀರಿ ಕೂತಿರುತ್ತೆ. ಆಮೇಲೆ ಗಾಡಿಯನ್ನು ಲೈಸೆನ್ಸ್ ಇರುವ ಎಸಿ ಅಂಗಡಿಗೆ ಒಯ್ದೆ. ಅವರು ವ್ಯಾಕ್ಯೂಮ್ ಪಂಪ್ ಹಚ್ಚಿ ಮುಕ್ಕಾಲು ಗಂಟೆ ಎಳೆದರು. ಒಳಗೆ ಉಳಿದ ನೀರು ಆ ಕಡಿಮೆ ಒತ್ತಡದಲ್ಲಿ ಆವಿಯಾಗಿ ಹೊರಗೆ ಹೋಗುತ್ತೆ. ಪಂಪ್ ನಿಲ್ಲಿಸಿ ಅರ್ಧ ಗಂಟೆ ಗೇಜ್ ನೋಡಿದರು. ಮುಳ್ಳು ಅಲುಗಲಿಲ್ಲ, ಅಂದ್ರೆ ಲೀಕ್ ಇಲ್ಲ. ಆಮೇಲೆ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ, ಕಿಟ್‌ನವರು ಹೇಳಿದಷ್ಟೇ ತುಂಬಿದರು. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅನ್ನೋದು ಸುಳ್ಳು. ಜಾಸ್ತಿ ಆದರೆ ಒತ್ತಡ ಏರಿ ತಂಪೇ ಕಡಿಮೆ ಆಗುತ್ತೆ. ಇನ್ನೊಂದು ಮಾತು, ಗ್ಯಾಸನ್ನು ಗಾಳಿಗೆ ಬಿಡೋದು ಇಲ್ಲಿ ಕಾನೂನಿಗೆ ವಿರುದ್ಧ. ದ್ರವ ಕೈಗೆ, ಕಣ್ಣಿಗೆ ತಾಗಿದರೆ ಹಿಮ ಕಚ್ಚಿದ ಹಾಗೆ ಗಾಯ ಆಗುತ್ತೆ.

ಲೆಕ್ಕ

ಕಿಟ್ 1,650 ಡಾಲರ್. ಬ್ರಾಕೆಟ್, ಪುಲಿ 280. ರೇಡಿಯೇಟರ್, ಶ್ರೌಡ್ 420. ಆಲ್ಟರ್ನೇಟರ್ 140. ಶಾಖ ತಡೆಯೋ ಹಾಸು, ರಬ್ಬರು 230. ಅಂಗಡಿಯ ಕೂಲಿ, ಗ್ಯಾಸ್ ಸೇರಿ 180. ಒಟ್ಟು 2,900. ಮಿತಿಯೊಳಗೆ ನೂರು ಡಾಲರ್ ಉಳಿದಿದ್ದನ್ನು ನಮ್ಮನೆಯವಳಿಗೆ ತೋರಿಸಿದೆ. ‘ನಾಲ್ಕು ವಾರದ ಶನಿವಾರ-ಭಾನುವಾರಕ್ಕೆ ಎಷ್ಟು ಹಾಕಿದ್ರಿ?’ ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ರಸೀದಿ ಇಲ್ಲ.

ಹೊರಗೆ 36 ಡಿಗ್ರಿ ಇದ್ದ ಮಧ್ಯಾಹ್ನ ಅವಳನ್ನೇ ಕೂರಿಸಿಕೊಂಡು ಪರೀಕ್ಷೆ ಮಾಡಿದೆ. ಗಾಡಿ ಓಡುವಾಗ ಎಸಿ ಕಿಂಡಿಯಲ್ಲಿ ಥರ್ಮಾಮೀಟರ್ 9 ಡಿಗ್ರಿ ತೋರಿಸಿತು, ಸಿಗ್ನಲ್‌ನಲ್ಲಿ ನಿಂತಾಗ 15. ಹೊಸ ಕಾರಿನಷ್ಟು ಇಲ್ಲ, ಆದರೆ ಇಪ್ಪತ್ತು ನಿಮಿಷದಲ್ಲಿ ಅವಳು ‘ಚೂರು ಕಮ್ಮಿ ಮಾಡಿ’ ಅಂದಳು. ಗಾಡಿ ಮಾರೋ ಮಾತು ಅಲ್ಲಿಗೆ ನಿಂತಿತು. ಎಂಜಿನ್ ಏರು ರಸ್ತೆಯಲ್ಲಿ ಸ್ವಲ್ಪ ಮುನಿಸಿಕೊಳ್ಳುತ್ತೆ, ಮೈಲೇಜೂ ಇಳಿಯುತ್ತೆ. ಅದು ಒಪ್ಪಿಕೊಂಡೇ ಹಾಕಬೇಕಾದ ಬೆಲೆ.

ಹಳೇ ಗಾಡಿಯ ಅಸಲಿತನ ಹಾಳಾಗಲ್ವಾ ಅಂತ ಗೆಳೆಯರು ಕೇಳ್ತಾರೆ. ತೆಗೆದ ಹೀಟರ್ ಡಬ್ಬ, ಪುಲಿ, ಆಲ್ಟರ್ನೇಟರ್ ಎಲ್ಲಕ್ಕೂ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ. ಬೇಕಾದವರು ಮುಂದೊಂದು ದಿನ ವಾಪಸ್ ಹಾಕಬಹುದು. ಶೋರೂಮ್‌ನಲ್ಲಿ ನಿಲ್ಲಿಸೋ ಗಾಡಿ ಆಗಿದ್ದರೆ ನಾನೂ ಕೈ ಹಾಕ್ತಿರಲಿಲ್ಲ. ಇದು ಮನೆಯವರು ಕೂತು ಓಡಾಡೋ ಗಾಡಿ.

ಬೆವರು ಸುರಿಸಿಕೊಂಡು ಓಡಿಸೋದೇ ಗಂಡಸ್ತನ ಅನ್ನೋ ಮಾತನ್ನು ಲಾರಿ ಅಡ್ಡಾಗಳಲ್ಲಿ ಕೇಳ್ತಾ ಬೆಳೆದವನು ನಾನು. ಭಾರತದಲ್ಲಿ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್‌ಗೆ 2025ರಲ್ಲಿ ಎಸಿ ಕಡ್ಡಾಯ ಆಗಿದೆ. ಅಪ್ಪನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಛಲೋ ಆತು ಬಿಡು. ಸೆಕಿಗೆ ಕಣ್ಣು ಕತ್ತಲಿ ಬಂದು ಗಾಡಿ ಬಾಜೂಕ ಹಚ್ಚಿದ್ದು ಎಷ್ಟ್ ಸಲಾನೋ. ನಿಮ್ಮವ್ವಗ ಹೇಳಿದ್ದಿಲ್ಲ ಅಷ್ಟ’ ಅಂದರು. ನನಗೂ ಹೇಳಿರಲಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಜೀಪೋ ಅಂಬಾಸಿಡರೋ ಇದ್ದರೆ, ಎಸಿಗೆ ಮುಂಚೆ ರಬ್ಬರು, ಶಾಖ ತಡೆಯೋ ಹಾಸು, ರೇಡಿಯೇಟರ್, ಆಲ್ಟರ್ನೇಟರ್ ಈ ಕ್ರಮದಲ್ಲಿ ನೋಡಿ, ಆಮೇಲೆ ಕಿಟ್ ಕೊಳ್ಳಿ. ಹಾಕಿಸಿದ ಮೇಲೆ ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಕಂಪ್ರೆಸರ್‌ನ ಸೀಲಿಗೆ ಎಣ್ಣೆ ತಲುಪೋದು ಅದು ತಿರುಗಿದಾಗ ಮಾತ್ರ. ಸೀಲ್ ಒಣಗಿದರೆ ಗ್ಯಾಸ್ ಸದ್ದಿಲ್ಲದೆ ಸೋರಿಹೋಗುತ್ತೆ, ಗೊತ್ತಾಗೋದು ಏಪ್ರಿಲ್‌ನ ಮೊದಲ ಬಿಸಿಲಿಗೆ.