ಊರಿನ ಪತ್ರಿಕೆಗೆ ಊರೆಷ್ಟು ದೊಡ್ಡದು?

1970ರ ಜನವರಿ 1ರಂದು ಮಣಿಪಾಲದಿಂದ ‘ಉದಯವಾಣಿ’ ಹೊರಬಂದಾಗ ಕರಾವಳಿಗೆ ಪತ್ರಿಕೆ ಹೊಸತೇನೂ ಆಗಿರಲಿಲ್ಲ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು ಇಲ್ಲಿಯೇ. ಆದರೆ ಘಟ್ಟದ ಮೇಲಿನಿಂದ ಬರುವ ದಿನಪತ್ರಿಕೆಗಳಲ್ಲಿ ಕುಂದಾಪುರಕ್ಕೋ ಸುಳ್ಯಕ್ಕೋ ಜಾಗ ಸಿಗುತ್ತಿದ್ದುದು ಅಷ್ಟಕ್ಕಷ್ಟೆ. ಆ ಕೊರತೆಯನ್ನು ಟಿ. ಮೋಹನದಾಸ್ ಪೈ ಅವರ ಸಾಹಸ ತುಂಬಿತು. ದಿನದಿನದ ಸಣ್ಣ ಉಳಿತಾಯದ ಪಿಗ್ಮಿ ಠೇವಣಿಯಿಂದ ಬ್ಯಾಂಕು ಬೆಳೆಸಿದ ಮಣಿಪಾಲಕ್ಕೆ ಸಣ್ಣವರ ಲೆಕ್ಕ ಗೊತ್ತಿತ್ತು ಎನ್ನಬೇಕು.

ಪುಟವಿನ್ಯಾಸ, ಚಿತ್ರಗಳ ಅಂದದಿಂದ ಪತ್ರಿಕೆ ಹೆಸರು ಮಾಡಿತು ನಿಜ. ಅದಕ್ಕಿಂತ ದೊಡ್ಡ ಕೆಲಸ ‘ಕುಗ್ರಾಮ ಗುರುತಿಸಿ’. ಪತ್ರಕರ್ತ ಈಶ್ವರ ದೈತೋಟರ ಹೆಸರಿನೊಂದಿಗೆ ಇಂದಿಗೂ ನೆನಪಾಗುವ ಈ ಯೋಜನೆಯಲ್ಲಿ ಅವಿಭಜಿತ ದಕ್ಷಿಣ ಕನ್ನಡದ ಹಿಂದುಳಿದ ಹಳ್ಳಿಗಳನ್ನು ಹುಡುಕಿ ಬರೆಯಲಾಯಿತು. ಮಂತ್ರಿ ಬಂದಾಗ ಮಾತ್ರ ಸುದ್ದಿಯಾಗುವ ಊರು ಮಂತ್ರಿ ಬಾರದಿದ್ದುದಕ್ಕೇ ಸುದ್ದಿಯಾಯಿತು!

ಕರಾವಳಿಯ ಓದುಗ ಪತ್ರಿಕೆ ಬಿಡಿಸುವ ರೀತಿಯೂ ಬೇರೆ. ಯಕ್ಷಗಾನ ಮೇಳಗಳ ತಿರುಗಾಟದ ದಿನಗಳಲ್ಲಿ, ಅಂದರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಅವು ಗೆಜ್ಜೆ ಬಿಚ್ಚುವ ತನಕ, ‘ಇಂದಿನ ಯಕ್ಷಗಾನ’ದ ಪಟ್ಟಿಗೆ ಮೊದಲು ಕಣ್ಣು ಹೋಗುತ್ತದೆ: ಕಟೀಲು ಮೇಳದ ಆಟ ಇವತ್ತು ಯಾರ ಮನೆಯಲ್ಲಿ, ಮಂದಾರ್ತಿ ಮೇಳ ಎಲ್ಲಿ? ನಾಲ್ಕೇ ಸಾಲು. ಅದು ತಪ್ಪಿದರೆ ಸಂಪಾದಕೀಯ ತಪ್ಪಿದ್ದಕ್ಕಿಂತ ಹೆಚ್ಚು ಫೋನು ಬಂದೀತು.

ಈ ಊರುಪ್ರೀತಿಯೇ ಈಗ ಕನ್ನಡ ಪತ್ರಿಕೆಗಳನ್ನು ಇಕ್ಕಟ್ಟಿಗೆ ಸಿಲುಕಿಸಿದೆ. ಉದಯವಾಣಿಯೊಂದೇ ಅಲ್ಲ, ಎಲ್ಲರೂ ಜಿಲ್ಲೆಗೊಂದು ಪುಟ, ತಾಲ್ಲೂಕಿಗೊಂದು ಅಂಕಣ ಹಂಚಿದ್ದಾರೆ. ಪರಿಣಾಮ ವಿಚಿತ್ರ. ಬೈಂದೂರಿನ ಕಡಲ್ಕೊರೆತ ಪುತ್ತೂರಿನವರಿಗೆ ತಿಳಿಯುವುದಿಲ್ಲ. ಪುತ್ತೂರಿನ ಅಡಕೆ ತೋಟಕ್ಕೆ ಬಂದ ಕೊಳೆರೋಗ ಬೆಂಗಳೂರು ಆವೃತ್ತಿಗೆ ಹತ್ತುವುದೇ ಇಲ್ಲ. ಸನ್ಮಾನ, ಶಿಲಾನ್ಯಾಸ, ವಾರ್ಷಿಕೋತ್ಸವದ ಗುಂಪುಚಿತ್ರಗಳಿಗೆ ಮಾತ್ರ ಬರವಿಲ್ಲ. ಫೋಟೋದಲ್ಲಿರುವ ಹದಿನೈದು ಮಂದಿ ಹದಿನೈದು ಪ್ರತಿ ಕೊಳ್ಳುತ್ತಾರೆಂಬ ಲೆಕ್ಕಾಚಾರ ವ್ಯಾಪಾರಕ್ಕೆ ಸರಿಯಿರಬಹುದು, ಸುದ್ದಿಮನೆಗಲ್ಲ.

ಕುಗ್ರಾಮದ ಕಥೆಯನ್ನು ಕುಗ್ರಾಮದವರೇ ಓದಿದರೆ ಪ್ರಯೋಜನವೇನು? ಅದು ಅಧಿಕಾರಿಯ ಮೇಜಿಗೂ ವಿಧಾನಸೌಧದ ಮೊಗಸಾಲೆಗೂ ಮುಟ್ಟಬೇಕು. ಸ್ಥಳೀಯ ಪುಟಗಳನ್ನು ತೆಗೆದುಹಾಕಬೇಕಾಗಿಲ್ಲ. ಅವುಗಳಿಂದ ದಿನಕ್ಕೆ ಎರಡಾದರೂ ವರದಿಗಳನ್ನು ಆರಿಸಿ ಎಲ್ಲ ಆವೃತ್ತಿಗಳಲ್ಲೂ ಹಾಕಲು ಸುದ್ದಿ ಸಂಪಾದಕರಿಗೆ ಅಡ್ಡಿಯಿಲ್ಲ. ಅಂಥ ವರದಿಗಾಗಿ ಅರೆಕಾಲಿಕ ವರದಿಗಾರನಿಗೆ ಕುಗ್ರಾಮಕ್ಕೆ ಹೋಗಿಬರುವ ಖರ್ಚನ್ನೂ ಕೊಡಬೇಕಾದೀತು.