ಹಿಮನಾಡಿನ ಚಿತ್ರಗಳೂ ಅಚೌರ್ಯವ್ರತವೂ

ಕರಗುತ್ತಿರುವ ಹಿಮ, ಎಲುಬು ಕಾಣುವ ಹಿಮಕರಡಿ, ತುಪ್ಪಳದ ಉಡುಪು ತೊಟ್ಟ ವೃದ್ಧೆ: ಉತ್ತರಧ್ರುವ ಪ್ರದೇಶದ ಇಂತಹ ಛಾಯಾಚಿತ್ರಗಳು ನಮ್ಮ ಧರ್ಮಸಭೆಗಳ ಗೋಡೆಗಳನ್ನೂ ಏರಿವೆ. ಜೀವದಯೆಯನ್ನು ಉದ್ದೀಪಿಸುವ ಚಿತ್ರದಲ್ಲಿ ದೋಷವೇನೆಂದು ಕೇಳುವವರಿದ್ದಾರೆ. ದೋಷವಿದೆ; ಅದು ನಮ್ಮ ಅಣುವ್ರತಗಳಿಗೇ ತಗಲುವ ದೋಷ.

ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ, ಎಂದರೆ ಕಳವು. ಹೊನ್ನಿಗೂ ಧಾನ್ಯಕ್ಕೂ ಮಾತ್ರ ಈ ನಿಯಮವೆಂದು ನಾವು ಭಾವಿಸಿದ್ದೇವೆ. ಒಬ್ಬನ ಮುಖ, ಅವನ ದುಃಖ, ಅವನ ಮನೆಯೊಳಗಿನ ಬದುಕು ಅವನ ಸ್ವತ್ತಲ್ಲವೆ? ಅನುಮತಿ ಕೇಳದೆ, ಹೆಸರನ್ನೂ ಬರೆಯದೆ, ಸಂಕಟದಲ್ಲಿರುವ ಮೂಲನಿವಾಸಿ ಎಂದಷ್ಟೇ ಅಚ್ಚು ಹಾಕಿದರೆ ಅದು ಕಳವಲ್ಲದೆ ಮತ್ತೇನು?

ಸತ್ಯವ್ರತಕ್ಕೂ ಇಲ್ಲಿ ಭಂಗವಿದೆ. 1922ರ 'ನಾನೂಕ್ ಆಫ್ ದ ನಾರ್ತ್' ಚಲನಚಿತ್ರದಲ್ಲಿ ರಾಬರ್ಟ್ ಫ್ಲಾಹರ್ಟಿಯು ಅಲ್ಲಕರಿಯಲ್ಲಕ್ ಎಂಬ ಇನೂಯಿಟ್ ಬೇಟೆಗಾರನನ್ನು ನಾನೂಕ್ ಎಂಬ ಹೆಸರಿನಿಂದ ತೋರಿಸಿದನು. ಬಂದೂಕು ಬಲ್ಲವನ ಕೈಗೆ ಈಟಿ ಕೊಟ್ಟನು. ಬೆಳಕಿಗಾಗಿ ಹಿಮದ ಮನೆಯ ಒಂದು ಪಾರ್ಶ್ವವನ್ನೇ ತೆರೆದಿಡಿಸಿದನು. ಜಗತ್ತು ಅದನ್ನೇ ನಿಜವೆಂದು ನಂಬಿತು. 2017ರಲ್ಲಿ ಕೆನಡಾದ ಉತ್ತರ ಭಾಗದಲ್ಲಿ ಸೆರೆಹಿಡಿದ ಹಸಿದ ಹಿಮಕರಡಿಯೊಂದನ್ನು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯು ಹವಾಮಾನ ಬದಲಾವಣೆಯ ಮುಖವೆಂದು ಸಾರಿತು. ತಾನು ಅತಿಯಾಗಿ ಹೇಳಿದೆನೆಂದು 2018ರಲ್ಲಿ ಆ ಪತ್ರಿಕೆಯೇ ಒಪ್ಪಿಕೊಂಡಿತು. ಆ ಪ್ರದೇಶವು 1979ರಿಂದೀಚೆಗೆ ಭೂಮಿಯ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯೇರಿದೆ. ಇಷ್ಟು ದೊಡ್ಡ ಸತ್ಯಕ್ಕೆ ಉತ್ಪ್ರೇಕ್ಷೆಯ ಆಸರೆ ಏಕೆ ಬೇಕಿತ್ತು? ಸಂಶಯವಾದಿಗಳಿಗೆ ಅಸ್ತ್ರ ದೊರೆತುದೇ ಫಲ.

ಆ ಜನರಿಗೆ ಮಾತಿಲ್ಲವೆ? 2005ರಲ್ಲಿ ಶೀಲಾ ವಾಟ್-ಕ್ಲೂಟಿಯೇ ಎಂಬ ಇನೂಯಿಟ್ ಮಹಿಳೆಯು ಇತರ 62 ಮಂದಿಯೊಡನೆ ಅಂತರ-ಅಮೆರಿಕ ಮಾನವ ಹಕ್ಕುಗಳ ಆಯೋಗಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದ ವಿರುದ್ಧ ದೂರು ಸಲ್ಲಿಸಿದರು. ಆ ದೇಶದ ಹೊಗೆಯಿಂದ ತಮ್ಮ ಹಿಮವೂ ಬದುಕಿನ ಹಕ್ಕೂ ಕರಗುತ್ತಿವೆಯೆಂಬುದು ಅವರ ವಾದ. 2006ರಲ್ಲಿ ಆಯೋಗವು ಅದನ್ನು ಮುಂದುವರಿಸಲು ನಿರಾಕರಿಸಿತು. ಕರಡಿಯನ್ನು ಕಂಡು ಮರುಗಿದವರಲ್ಲಿ ಈ ದೂರಿನ ಬಗ್ಗೆ ಕೇಳಿದವರೆಷ್ಟು ಮಂದಿ?

ನಮ್ಮಲ್ಲೇ ಕೆಲವರು ಹೇಳುವುದುಂಟು: ಅವರು ಬೇಟೆಯಾಡುವವರು, ಅದು ಅವರ ಕರ್ಮಫಲ. ಬೇಟೆಯನ್ನು ನಾವು ಅನುಮೋದಿಸಲಾರೆವು. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯ ಹಿಂಸೆಯನ್ನು ಕಲಿತವರು ನಾವು. ಅವರ ಕಾಲ ಕೆಳಗಿನ ಹಿಮವನ್ನು ಕರಗಿಸಿದ ಕಲ್ಲಿದ್ದಲು, ತೈಲಗಳಲ್ಲಿ ನಮ್ಮ ವ್ಯಾಪಾರದ ಪಾಲಿಲ್ಲವೆ? ನಮ್ಮ ಉತ್ಸವಗಳ ದೀಪಾಲಂಕಾರದ ಪಾಲಿಲ್ಲವೆ? ಪರರ ಕರ್ಮವನ್ನು ಎಣಿಸುತ್ತ ತನ್ನ ಆಸ್ರವವನ್ನು ಮರೆಯುವುದು ಸಿದ್ಧಾಂತವಲ್ಲ, ಬರಿಯ ನೆಪ.

ಆದ್ದರಿಂದ ಬಸದಿಗಳ ಟ್ರಸ್ಟುಗಳಲ್ಲಿ ಒಂದು ವಿನಂತಿ. ಇನ್ನು ಮುಂದೆ ಇಂತಹ ಚಿತ್ರವನ್ನು ಗೋಡೆಗೇರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ಈ ವ್ಯಕ್ತಿಯ ಹೆಸರೇನು? ಅವನು ಒಪ್ಪಿದ್ದನೆ? ಚಿತ್ರದ ಕೆಳಗಿನ ಮಾತು ಅವನದೋ, ಪರರದೋ? ಉತ್ತರ ದೊರೆಯದಿದ್ದರೆ ಗೋಡೆ ಬರಿದಾಗಿರಲಿ. ಆ ರಾತ್ರಿ ಮಂಟಪದ ಅರ್ಧದಷ್ಟು ದೀಪಗಳನ್ನು ಆರಿಸಿರಿ. ಕರುಣೆಯ ಪ್ರದರ್ಶನಕ್ಕಿಂತ ಪರಿಗ್ರಹದ ಪರಿಮಾಣವೇ ಶ್ರಾವಕನಿಗೆ ಶೋಭೆ.